ಸೇಂಟ್ ಆಂಡ್ರೂಸ್ ಓಲ್ಡ್ ಕೋರ್ಸ್‌ನಲ್ಲಿ ಮೂವರಿಗೆ ಟೀ ಟೈಮ್: ಸೆಪ್ಟೆಂಬರ್ ಪ್ರವಾಸಕ್ಕೆ ಸಲಹೆ ಬೇಕು

ಪ್ರಶ್ನೆ: ಆಲ್ದೂರಿನ ಬೆಳೆಗಾರ

ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರು, ಹಾಸನದ ಕಡೆಯಿಂದ ಹೊರದೇಶಕ್ಕೆ ಹೋಗಿ ಗಾಲ್ಫ್ ಆಡಿ ಬಂದವರು ಈ ಬಳಗದಲ್ಲಿ ಕೆಲವರಿದ್ದಾರೆಂದು ತಿಳಿದು ಕೇಳುತ್ತಿದ್ದೇನೆ.

ನಮ್ಮ ತಂದೆಯವರಿಗೆ ಈ ವರ್ಷ 71 ತುಂಬುತ್ತದೆ. ಅವರು ಗಾಲ್ಫ್ ಕಲಿತದ್ದು ಗುಳಿಯ ಸುತ್ತ ಹಸಿರು ಹುಲ್ಲಿನ ಗ್ರೀನ್ ಇಲ್ಲದ ಕಾಲದಲ್ಲಿ. ಎಣ್ಣೆ ಬೆರೆಸಿದ ಮರಳನ್ನು ಹರಡಿ ಮಾಡಿದ ‘ಬ್ರೌನ್’ ಮೇಲೆ ಪಟ್ ಮಾಡುತ್ತಿದ್ದ (ಚೆಂಡನ್ನು ಮೆಲ್ಲಗೆ ಗುಳಿಗೆ ಉರುಳಿಸುತ್ತಿದ್ದ) ಕಾಲದ ಆಟಗಾರರು ಅವರು. ಓಪನ್ ಚಾಂಪಿಯನ್‌ಷಿಪ್ ಟಿ.ವಿ.ಯಲ್ಲಿ ಬಂದಾಗಲೆಲ್ಲ, ಸಾಯುವುದರೊಳಗೆ ಒಮ್ಮೆ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಊರಿನ ಓಲ್ಡ್ ಕೋರ್ಸ್ ಎಂಬ ಗಾಲ್ಫ್ ಮೈದಾನದಲ್ಲಿ ಸ್ವಿಲ್ಕನ್ ಸೇತುವೆ ದಾಟಿ ಕೊನೆಯದಾದ ಹದಿನೆಂಟನೆಯ ಹೋಲ್ ಮುಗಿಸಬೇಕು ಎಂದು ಹೇಳುತ್ತಲೇ ಬಂದಿದ್ದಾರೆ. ಎರಡು ವರ್ಷ ಕಾಫಿಗೆ ಒಳ್ಳೆಯ ಬೆಲೆ ಸಿಕ್ಕಿರುವುದರಿಂದ ಈ ಸಲ ಆ ಮಾತನ್ನು ಮುಂದಕ್ಕೆ ತಳ್ಳಬಾರದೆಂದು ನಾನೂ ನನ್ನ ಭಾವನೂ ತೀರ್ಮಾನಿಸಿದ್ದೇವೆ. ಆಡುವವರು ಅಪ್ಪ, ಭಾವ ಮತ್ತು ನಾನು. ಅಮ್ಮ ಜೊತೆಗೆ ಬರುತ್ತಾರೆ. ಅವರಿಗೆ ಆಟದಲ್ಲಿ ಆಸಕ್ತಿಯಿಲ್ಲ. ಕಾಫಿ ತೋಟದವರು ಟೀ ಟೈಮಿಗಾಗಿ, ಅಂದರೆ ಆಟ ಶುರುಮಾಡಲು ಗೊತ್ತುಮಾಡಿದ ಸಮಯಕ್ಕಾಗಿ, ಸಮುದ್ರ ದಾಟುವುದೇ ಅವರಿಗೆ ತಮಾಷೆಯಾಗಿದೆ.

ತೋಟದ ಕೆಲಸ ನೋಡಿಕೊಂಡು ಹೇಳುವುದಾದರೆ ನಮಗೆ ಬಿಡುವಿರುವುದು ಗೌರಿ–ಗಣೇಶ ಹಬ್ಬದ ನಂತರ. ಆಯುಧಪೂಜೆಯ ದಿನ ಆಳುಗಳ ಮುಂದೆ ಅಪ್ಪ ಇರಲೇಬೇಕು, ಆಮೇಲೆ ಅರೇಬಿಕಾ ಕೊಯ್ಲಿನ ಸಿದ್ಧತೆ. ಆದ್ದರಿಂದ ಸೆಪ್ಟೆಂಬರ್ ಕೊನೆಯ ಹತ್ತು ಹನ್ನೆರಡು ದಿನಗಳಿಗೆ ಯೋಜನೆ ಹಾಕಿದ್ದೇವೆ: ಮೊದಲು ನಾಲ್ಕು ದಿನ ಲಂಡನ್, ಮೂರು ದಿನ ಎಡಿನ್‌ಬರೊ, ಕೊನೆಗೆ ಶನಿವಾರ ಮತ್ತು ಭಾನುವಾರ ಸೇಂಟ್ ಆಂಡ್ರೂಸ್. ವಾರಾಂತ್ಯದಲ್ಲಿ ಎರಡು ದಿನ ಇದ್ದರೆ ಒಂದು ದಿನವಾದರೂ ಆಡಲು ಸಿಗುತ್ತದೆಂಬುದು ನಮ್ಮ ಲೆಕ್ಕ.

ಆದರೆ ಸಮಯ ಕಾಯ್ದಿರಿಸಲು ಹೊರಟಾಗ ತಲೆ ಕೆಟ್ಟಿತು. ಇದು ಖಾಸಗಿ ಕ್ಲಬ್ ಅಲ್ಲ, ಸಾರ್ವಜನಿಕ ಮೈದಾನ ಎನ್ನುತ್ತಾರೆ. ಹಾಗಿದ್ದರೂ ದುಡ್ಡು ಕಟ್ಟಿ ಒಂದು ದಿನವನ್ನು ನೇರವಾಗಿ ಹಿಡಿದುಕೊಳ್ಳಲು ಆಗುತ್ತಿಲ್ಲ. ಬ್ಯಾಲಟ್ ಎನ್ನುತ್ತಾರೆ, ರಾತ್ರಿಯಿಡೀ ಸಾಲು ನಿಲ್ಲಬೇಕು ಎನ್ನುತ್ತಾರೆ, ಹ್ಯಾಂಡಿಕ್ಯಾಪ್ (ಆಟಗಾರನ ಮಟ್ಟ ತೋರಿಸುವ ಅಂಕಿ, ಕಡಿಮೆಯಿದ್ದಷ್ಟೂ ಆಟ ಉತ್ತಮ) ಪ್ರಮಾಣಪತ್ರ ಬೇಕು ಎನ್ನುತ್ತಾರೆ. ಅಪ್ಪನ ಹಳೆಯ ಹ್ಯಾಂಡಿಕ್ಯಾಪ್ ಕಾರ್ಡು ಎಲ್ಲಿ ಹೋಯಿತೋ ಗೊತ್ತಿಲ್ಲ. ಒಂದು ಕಾಲಕ್ಕೆ 18 ಇತ್ತು, ಈಗ ಆಡಿದರೆ 27ರ ಆಸುಪಾಸು ಬರಬಹುದು. ಸಾರ್ವಜನಿಕ ಮೈದಾನವೆಂದ ಮೇಲೆ ಮೊದಲು ಬಂದವರಿಗೆ, ಮೊದಲು ದುಡ್ಡು ಕಟ್ಟಿದವರಿಗೆ ಕೊಡುವುದು ನ್ಯಾಯವಲ್ಲವೇ ಎಂಬ ಸಣ್ಣ ಅಸಮಾಧಾನವೂ ಇದೆ. ಅನುಭವ ಇರುವವರು ದಯವಿಟ್ಟು ದಾರಿ ತೋರಿಸಿ.

ಉತ್ತರ: ಸಕಲೇಶಪುರದವರು

ನಾನು 2019ರಲ್ಲಿ ಅಲ್ಲಿ ಆಡಿದ್ದೇನೆ, ಆದ್ದರಿಂದ ನನಗೆ ತಿಳಿದಷ್ಟನ್ನು ಬರೆಯುತ್ತೇನೆ.

ಎಲ್ಲಕ್ಕಿಂತ ಮೊದಲು ನಿಮ್ಮ ಶನಿವಾರ–ಭಾನುವಾರದ ಲೆಕ್ಕವನ್ನು ಕೈಬಿಡಿ. ಓಲ್ಡ್ ಕೋರ್ಸ್‌ನಲ್ಲಿ ಭಾನುವಾರ ಆಟವಿಲ್ಲ. ಓಪನ್‌ನಂಥ ದೊಡ್ಡ ಪಂದ್ಯಾವಳಿ ಇದ್ದಾಗ ಬಿಟ್ಟರೆ ಪ್ರತಿ ಭಾನುವಾರವೂ ಅದು ಊರಿನವರ ಉದ್ಯಾನ. ಜನ ನಾಯಿ ಹಿಡಿದುಕೊಂಡು ಆಟದ ಹುಲ್ಲುಹಾದಿಯಾದ ಫೇರ್‌ವೇ ಮೇಲೆ ಓಡಾಡುತ್ತಾರೆ, ಮಕ್ಕಳು ಚೆಂಡಾಡುತ್ತಾರೆ, ಯಾರು ಬೇಕಾದರೂ ಸ್ವಿಲ್ಕನ್ ಸೇತುವೆಯ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳಬಹುದು. ಹೀಗಾಗಿ ನೀವು ಎರಡು ದಿನ ಎಂದುಕೊಂಡಿರುವುದು ನಿಜವಾಗಿ ಒಂದೇ ದಿನ, ಅದೂ ಊರಿನ ಆಟಗಾರರು ಹೆಚ್ಚಾಗಿ ಬರುವ ಶನಿವಾರ.

ಬ್ಯಾಲಟ್ ಎಂದರೆ ನಮ್ಮ ಚೀಟಿ ಎತ್ತುವುದೇ, ಬೇರೇನೂ ಅಲ್ಲ. ಆಡಬೇಕಾದ ದಿನಕ್ಕೆ ಎರಡು ದಿನ ಮೊದಲು, ಅಲ್ಲಿನ ಮಧ್ಯಾಹ್ನ 2 ಗಂಟೆಯೊಳಗೆ ನಿಮ್ಮ ಗುಂಪಿನ ಹೆಸರುಗಳನ್ನು ಸಲ್ಲಿಸಬೇಕು. ಗುಂಪಿನಲ್ಲಿ ಕನಿಷ್ಠ ಇಬ್ಬರು, ಗರಿಷ್ಠ ನಾಲ್ವರು ಇರಬಹುದು. ಪ್ರತಿಯೊಬ್ಬರ ಹೆಸರು, ಅವರ ಕ್ಲಬ್, ಅವರ ಹ್ಯಾಂಡಿಕ್ಯಾಪ್ ಮೂರನ್ನೂ ನಮೂದಿಸಬೇಕು. ಚೀಟಿಗೆ ಹೆಸರು ಹಾಕಲು ಶುಲ್ಕವಿಲ್ಲ. ಅದೇ ದಿನ ಸಂಜೆಯ ಹೊತ್ತಿಗೆ ಫಲಿತಾಂಶ ತಿಳಿಯುತ್ತದೆ. ಸಿಗದಿದ್ದರೆ ಮರುದಿನ ಮತ್ತೆ ಹೆಸರು ಹಾಕಬಹುದು. ನನಗೆ ಮೊದಲ ಎರಡು ದಿನ ಸಿಗಲಿಲ್ಲ, ಮೂರನೆಯ ದಿನ ಸಿಕ್ಕಿತು.

ಒಬ್ಬರೇ ಹೋದವರಿಗೆ ಬ್ಯಾಲಟ್ ಇಲ್ಲ. ಅಂಥವರು ಓಲ್ಡ್ ಪೆವಿಲಿಯನ್ ಮುಂದೆ ನಡುರಾತ್ರಿಯಿಂದಲೇ ಸಾಲು ಹಿಡಿದು, ಇಬ್ಬರು ಅಥವಾ ಮೂವರಿರುವ ಗುಂಪಿನಲ್ಲಿ ಖಾಲಿ ಉಳಿದ ಜಾಗಕ್ಕೆ ಸೇರಿಕೊಳ್ಳುತ್ತಾರೆ. ನಾನು ಬೆಳಗಿನ ಜಾವ ವಾಕಿಂಗ್ ಹೋದಾಗ ಕಂಬಳಿ ಹೊದ್ದು ಕುರ್ಚಿಯಲ್ಲಿ ಕುಳಿತಿದ್ದವರನ್ನು ಕಂಡಿದ್ದೆ. 71ರ ಹಿರಿಯರನ್ನು ಆ ಚಳಿಯಲ್ಲಿ ಕೂರಿಸುವ ಯೋಚನೆ ಬೇಡ.

ಇನ್ನು ಹ್ಯಾಂಡಿಕ್ಯಾಪ್. ಇದನ್ನು ಹೇಳಲು ಬೇಸರವಾಗುತ್ತದೆ, ಆದರೆ ಪುರುಷರಿಗೆ ಅಲ್ಲಿ ಮಿತಿ 24. ನಿಮ್ಮ ತಂದೆಯವರದು 27 ಆದರೆ ತೊಂದರೆಯಾಗಬಹುದು.

ಉತ್ತರ: ಹಾಸನದ ಇಂಜಿನಿಯರ್

ಸಕಲೇಶಪುರದವರು ಬರೆದ ಬಹುಪಾಲು ವಿಷಯ ಸರಿಯಾಗಿದೆ. ಆದರೆ 2019ರ ನಂತರ ಎರಡು ಮುಖ್ಯ ಸಂಗತಿಗಳು ಬದಲಾಗಿವೆ. ಆ ಎರಡೂ ನಿಮ್ಮ ತಂದೆಯವರ ಪಾಲಿಗೆ ಅನುಕೂಲವಾಗಿಯೇ ಇವೆ.

ಮೊದಲನೆಯದು ಹ್ಯಾಂಡಿಕ್ಯಾಪ್ ಮಿತಿ. ಮೊದಲು ಪುರುಷರಿಗೆ 24, ಮಹಿಳೆಯರಿಗೆ 36 ಇದ್ದದ್ದು ನಿಜ. ಈಗ ಎಲ್ಲರಿಗೂ 36. ಆದ್ದರಿಂದ 27 ಎಂಬುದು ಅಡ್ಡಿಯಲ್ಲ. ಅಡ್ಡಿಯಾಗುವುದು ಯಾವುದೆಂದರೆ, ಕೈಯಲ್ಲಿ ಚಾಲ್ತಿಯಲ್ಲಿರುವ ಪ್ರಮಾಣಪತ್ರ ಇಲ್ಲದಿರುವುದು. ‘ಒಂದು ಕಾಲಕ್ಕೆ 18 ಇತ್ತು’ ಎಂಬ ಮಾತು ಅಲ್ಲಿ ನಡೆಯುವುದಿಲ್ಲ. 2020ರಿಂದ ಜಗತ್ತಿನ ಎಲ್ಲ ಕಡೆ ಒಂದೇ ಬಗೆಯ ಹ್ಯಾಂಡಿಕ್ಯಾಪ್ ಪದ್ಧತಿ ಜಾರಿಗೆ ಬಂದಿದೆ, ನಮ್ಮಲ್ಲಿ ಅದನ್ನು ನೋಡಿಕೊಳ್ಳುವುದು ಇಂಡಿಯನ್ ಗಾಲ್ಫ್ ಯೂನಿಯನ್. ಹೊಸದಾಗಿ ಹ್ಯಾಂಡಿಕ್ಯಾಪ್ ಪಡೆಯಲು ಒಟ್ಟು 54 ಹೋಲ್‌ಗಳ ಸ್ಕೋರ್ ಸಲ್ಲಿಸಿದರೆ ಸಾಕು, ಅಂದರೆ 18 ಹೋಲ್‌ಗಳ ಮೂರು ಸುತ್ತು. ಒಂದೇ ಸಲಕ್ಕೆ ದಣಿವಾಗುವುದಾದರೆ ಒಂಬತ್ತೊಂಬತ್ತು ಹೋಲ್‌ಗಳಾಗಿ ಒಡೆದು ಆಡಿದರೂ ಆಗುತ್ತದೆ. ಜೊತೆಯಲ್ಲಿ ಆಡಿದವರು ಕಾರ್ಡಿಗೆ ಸಹಿ ಹಾಕಬೇಕು, ಆ ಕಾರ್ಡನ್ನು ಕ್ಲಬ್‌ನಲ್ಲಿ ದಾಖಲಿಸಬೇಕು. ಮೂರೇ ಸುತ್ತು ಆಡಿದ್ದರೆ ಅವುಗಳಲ್ಲಿ ಅತ್ಯುತ್ತಮವಾದ ಒಂದನ್ನು ಹಿಡಿದು, ಅದರಿಂದ ಇನ್ನೂ 2 ಕಳೆದು ಹ್ಯಾಂಡಿಕ್ಯಾಪ್ ಕೊಡುತ್ತಾರೆ. ಹೀಗಾಗಿ ಒಂದು ದಿನ ಆಟ ಕೆಟ್ಟರೂ ಗಾಬರಿಯಾಗಬೇಕಿಲ್ಲ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ನಿಮ್ಮ ಕಡೆ ಮೂರು ಸುತ್ತು ಮುಗಿಸುವುದು ಕಷ್ಟ. ಮೇ ತಿಂಗಳೊಳಗೆ ಈ ಕೆಲಸ ಮುಗಿಸಿಬಿಡಿ. ನಿಮ್ಮ ಇಡೀ ಪ್ರವಾಸದಲ್ಲಿ ಚೀಟಿಯ ಅದೃಷ್ಟವನ್ನು ನಂಬದೆ ನಿಮ್ಮ ಕೈಯಲ್ಲೇ ಇರುವ ಭಾಗ ಇದೊಂದೇ.

ಎರಡನೆಯದು, ರಾತ್ರಿಯ ಸಾಲು ಈಗಿಲ್ಲ. 2024ರಿಂದ ಒಂಟಿ ಆಟಗಾರರಿಗೂ ಪ್ರತಿದಿನ ಚೀಟಿ ಎತ್ತುವ ಪದ್ಧತಿ ಬಂದಿದೆ. ಆಡಬೇಕಾದ ದಿನದ ಹಿಂದಿನ ದಿನ ಖುದ್ದಾಗಿ ಹೋಗಿ ಹೆಸರು ನೋಂದಾಯಿಸಬೇಕು. ಸಂಜೆ ಕಂಪ್ಯೂಟರ್ ಚೀಟಿ ಎತ್ತುತ್ತದೆ, ಫಲಿತಾಂಶ ಫೋನಿಗೆ ಬರುತ್ತದೆ. ನಾನು ಆ ವರ್ಷವೇ ಕಚೇರಿ ಕೆಲಸಕ್ಕೆಂದು ಹೋಗಿ, ಎರಡು ದಿನ ರಜೆ ಉಳಿಸಿಕೊಂಡು, ಹೀಗೇ ಒಂಟಿಯಾಗಿ ಆಡಿ ಬಂದೆ. ನನ್ನ ಜೊತೆ ಸಿಕ್ಕವರು ಕೆನಡಾದ ಅಪ್ಪ ಮತ್ತು ಮಗ. ಆಟ ಚೆನ್ನಾಗಿತ್ತು, ಆದರೆ ಹದಿನೆಂಟನೆಯ ಗ್ರೀನ್ ಮೇಲೆ ಆ ತಂದೆ–ಮಗ ಒಬ್ಬರನ್ನೊಬ್ಬರು ತಬ್ಬಿಕೊಂಡಾಗ ನಾನು ಅವರ ಫೋಟೋ ತೆಗೆದುಕೊಟ್ಟು ಪಕ್ಕಕ್ಕೆ ನಿಂತೆ. ಇದನ್ನೇಕೆ ಬರೆದೆನೆಂದರೆ, ನೀವು ಮೂವರೂ ಒಂಟಿ ಆಟಗಾರರ ಚೀಟಿಗೆ ಬೇರೆಬೇರೆಯಾಗಿ ಹೆಸರು ಕೊಡಬಹುದು, ಅದಕ್ಕೆ ಅಡ್ಡಿಯಿಲ್ಲ. ಆದರೆ ಹಾಗೆ ಸಿಕ್ಕರೆ ತಂದೆಯವರು ಯಾವುದೋ ಅಪರಿಚಿತರ ಗುಂಪಿನಲ್ಲಿ ಬೆಳಿಗ್ಗೆ ಆಡುತ್ತಾರೆ, ನೀವು ಮಧ್ಯಾಹ್ನ ಆಡುತ್ತೀರಿ ಅಥವಾ ಆಡುವುದೇ ಇಲ್ಲ. ಅದು ಕಟ್ಟಕಡೆಯ ದಿನಕ್ಕೆ ಇಟ್ಟುಕೊಳ್ಳಬೇಕಾದ ದಾರಿ.

ಶುಲ್ಕದ ಬಗ್ಗೆಯೂ ತಿಳಿದಿರಲಿ. 2025ರಲ್ಲಿ ಜನ ಹೆಚ್ಚಿರುವ ಕಾಲಕ್ಕೆ ಒಬ್ಬರಿಗೆ 340 ಪೌಂಡ್ ಇತ್ತು, ನಮ್ಮ ಲೆಕ್ಕದಲ್ಲಿ 40 ಸಾವಿರ ರೂಪಾಯಿಯ ಹತ್ತಿರ. ಕೋಲುಗಳ ಚೀಲ ಹೊತ್ತು ಆಟಕ್ಕೆ ಸಲಹೆ ಕೊಡುವ ಕ್ಯಾಡಿ ಬೇಕೆಂದರೆ ಅದು ಬೇರೆ. ತಂದೆಯವರಿಗೆ ಕ್ಯಾಡಿಯನ್ನು ತೆಗೆದುಕೊಳ್ಳಿ, ಅಲ್ಲಿ ಜಿಪುಣತನ ಬೇಡ: ಬಂಕರ್ ಎನ್ನುವ ಮರಳುಗುಂಡಿಗಳು 112 ಇವೆ, ಅವುಗಳಲ್ಲಿ ಎಷ್ಟೋ ಬಂಕರ್‌ಗಳು ಮೊದಲ ಹೊಡೆತದ ಜಾಗವಾದ ಟೀ ಮೇಲೆ ನಿಂತವರ ಕಣ್ಣಿಗೆ ಬೀಳುವುದೇ ಇಲ್ಲ. ಇನ್ನೊಂದು ಮಾತು. ಅಲ್ಲಿ ನಡೆದೇ ಆಡಬೇಕು, ನಮ್ಮ ಕಡೆಯಂತೆ ಬಗ್ಗಿ ಗಾಡಿ ಹತ್ತಿಕೊಂಡು ಹೋಗುವ ವಾಡಿಕೆ ಇಲ್ಲ. ನೆಲ ಸಮತಟ್ಟಾಗಿದೆ, ನಿಮ್ಮ ತೋಟದ ಏರಿನಲ್ಲಿ ಓಡಾಡುವವರಿಗೆ ಅದು ಏನೂ ಅಲ್ಲ. ಆದರೆ ಸಮುದ್ರದ ಗಾಳಿಯಲ್ಲಿ ನಾಲ್ಕು ಗಂಟೆಗೂ ಹೆಚ್ಚು ನಡೆಯಬೇಕಾಗುತ್ತದೆ.

ಉತ್ತರ: ನಿವೃತ್ತ ಉಪನ್ಯಾಸಕ, ಹಾಸನ

ನಾನು ಗಾಲ್ಫ್ ಆಡುವವನಲ್ಲ, ಇತಿಹಾಸ ಪಾಠ ಮಾಡಿದವನು. ‘ಸಾರ್ವಜನಿಕ ಮೈದಾನವೆಂದ ಮೇಲೆ ಮೊದಲು ದುಡ್ಡು ಕಟ್ಟಿದವರಿಗೆ ಕೊಡಬೇಕಲ್ಲವೇ’ ಎಂಬ ತಮ್ಮ ಮಾತಿಗೆ ಮಾತ್ರ ಉತ್ತರ ಬರೆಯುತ್ತಿದ್ದೇನೆ.

ಆ ಮೈದಾನವನ್ನು ನಮ್ಮ ಗೋಮಾಳದಂತೆ ಯೋಚಿಸಿದರೆ ಅಲ್ಲಿನ ನಿಯಮಗಳು ಅರ್ಥವಾಗುತ್ತವೆ. ಸಮುದ್ರಕ್ಕೂ ಉಳುವ ನೆಲಕ್ಕೂ ನಡುವೆ ಬಿದ್ದಿರುವ ಮರಳು ಮಿಶ್ರಿತ ಹುಲ್ಲುಗಾವಲನ್ನು ಅವರು ಲಿಂಕ್ಸ್ ಎನ್ನುತ್ತಾರೆ. ಬೆಳೆಗೆ ಬಾರದ ನೆಲ, ಹಾಗಾಗಿ ಊರಿಗೆಲ್ಲ ಸೇರಿದ್ದು. ಅಲ್ಲಿ ಗಾಲ್ಫ್ ಆಡುವ ಹಕ್ಕು ಊರಿನವರಿಗೆ ಇದೆಯೆಂದು ಆರ್ಚ್‌ಬಿಷಪ್ ಹ್ಯಾಮಿಲ್ಟನ್ 1552ರಲ್ಲೇ ಪತ್ರದಲ್ಲಿ ಒಪ್ಪಿಕೊಂಡಿದ್ದರು. 1797ರಲ್ಲಿ ಊರಿನ ಆಡಳಿತ ಸಾಲದಲ್ಲಿ ಮುಳುಗಿ ಆ ನೆಲವನ್ನು ಕೈಬಿಟ್ಟಿತು, ಅದು ಮೊಲ ಸಾಕುವ ವ್ಯಾಪಾರಿಗಳ ಕೈಸೇರಿತು. ಗೋಮಾಳ ಒತ್ತುವರಿಯಾದಾಗ ನಮ್ಮ ಹಳ್ಳಿಗಳಲ್ಲಿ ಏನೇನು ಆಗುತ್ತದೆಯೋ ಅದೆಲ್ಲ ಅಲ್ಲಿಯೂ ಆಯಿತು: ಜಗಳ, ಕೋರ್ಟು, ವರ್ಷಗಟ್ಟಲೆ ಹಗೆತನ. ಕೊನೆಗೆ 1821ರಲ್ಲಿ ಜೇಮ್ಸ್ ಚೀಪ್ ಎಂಬ ಜಮೀನುದಾರ ಅದನ್ನು ಕೊಂಡು ಆಟಕ್ಕೆ ಉಳಿಸಿಕೊಟ್ಟ. 1894ರಲ್ಲಿ ಊರೇ ಅದನ್ನು ಮರಳಿ ಪಡೆಯಿತು. ಈಗ ನೋಡಿಕೊಳ್ಳುತ್ತಿರುವ ಲಿಂಕ್ಸ್ ಟ್ರಸ್ಟ್ 1974ರಲ್ಲಿ ಬ್ರಿಟನ್ನಿನ ಪಾರ್ಲಿಮೆಂಟಿನ ಕಾಯ್ದೆಯ ಮೂಲಕ ಹುಟ್ಟಿದ್ದು.

ಹೀಗಾಗಿ ಮೊದಲ ಟೀ ಹಿಂದೆ ಕಾಣುವ ಆ ಕಲ್ಲಿನ ಕಟ್ಟಡವನ್ನು ನೋಡಿ ಮೈದಾನ ಆ ಕ್ಲಬ್ಬಿನದೆಂದು ಭಾವಿಸಬಾರದು. ಕಟ್ಟಡ 1754ರಲ್ಲಿ ಹುಟ್ಟಿದ ರಾಯಲ್ ಅಂಡ್ ಏನ್ಷಿಯಂಟ್ ಎಂಬ ಖಾಸಗಿ ಕ್ಲಬ್ಬಿನದು, ನೆಲ ಊರಿನದು. ಸಾರ್ವಜನಿಕ ಎಂಬ ಮಾತಿಗೆ ಅಲ್ಲಿ ಮೊದಲ ಅರ್ಥ ಊರಿನ ಸಾರ್ವಜನಿಕರು. ಪರಊರಿನ ನಾವು ನೀವು ಆಮೇಲೆ. ಊರಿನವರಿಗೆ ಒಂದು ಪಾಲು, ಕ್ಲಬ್ಬುಗಳಿಗೆ ಒಂದು ಪಾಲು, ಹೊರಗಿನವರು ಮುಂಗಡ ಕಾಯ್ದಿರಿಸಲು ಒಂದು ಪಾಲು, ಉಳಿದ ಸುಮಾರು ಅರ್ಧದಷ್ಟು ಸಮಯ ಚೀಟಿಗೆ. ಚೀಟಿಯಲ್ಲಿ ಬೆಳೆಗಾರನಿಗೂ ಬಸ್ ಕಂಡಕ್ಟರನಿಗೂ ಒಂದೇ ತೂಕ. ಮೊದಲು ದುಡ್ಡು ಕಟ್ಟಿದವರಿಗೆ ಎಂದು ಮಾಡಿದ್ದರೆ ತಮಗೆ ಸಿಗುತ್ತಿತ್ತೇ? ಅಮೆರಿಕದ ಪ್ರವಾಸಿ ಕಂಪನಿಗಳು ವರ್ಷಕ್ಕೆ ಮೊದಲೇ ಎಲ್ಲವನ್ನೂ ಗುತ್ತಿಗೆ ಹಿಡಿದುಬಿಡುತ್ತಿದ್ದವು ಎಂದು ನನ್ನ ಊಹೆ.

ಪ್ರಶ್ನೆ ಕೇಳಿದವರು: ಆಲ್ದೂರಿನ ಬೆಳೆಗಾರ

ಎಲ್ಲರಿಗೂ ಕೃತಜ್ಞತೆಗಳು. ಉಪನ್ಯಾಸಕರ ಗೋಮಾಳದ ಮಾತನ್ನು ಅಪ್ಪನಿಗೆ ಓದಿ ಹೇಳಿದೆ, ಬಹಳ ಸಂತೋಷಪಟ್ಟರು. ನನ್ನ ಅಸಮಾಧಾನವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಎರಡು ವಿಷಯ ಇನ್ನೂ ಸ್ಪಷ್ಟವಾಗಬೇಕಿದೆ. ಒಂದು, ಮುಂಗಡ ಕಾಯ್ದಿರಿಸಲು ಒಂದು ಪಾಲು ಇದೆಯೆಂದು ಬರೆದಿದ್ದೀರಿ. ಅದನ್ನು ನಾವು ಪಡೆಯುವುದು ಹೇಗೆ? ಎರಡು, ಬೆಂಗಳೂರಿನ ಪ್ರವಾಸ ಏಜೆಂಟರೊಬ್ಬರು ಅರ್ಧ ಹಣ ಮುಂಗಡ ಕೊಟ್ಟರೆ ಓಲ್ಡ್ ಕೋರ್ಸ್‌ನ ಸಮಯ ‘ಗ್ಯಾರಂಟಿ’ ಎನ್ನುತ್ತಿದ್ದಾರೆ. ಹಣ ಸ್ವಲ್ಪ ಹೆಚ್ಚಾದರೂ ಚಿಂತೆಯಿಲ್ಲ, ಅಪ್ಪ ಅಲ್ಲಿಯವರೆಗೆ ಹೋಗಿ ಆಡದೆ ಬರುವಂತಾಗಬಾರದೆಂದು ಭಾವ ಒತ್ತಾಯಿಸುತ್ತಿದ್ದಾರೆ.

ಉತ್ತರ: ಮೂಡಿಗೆರೆಯ ಬೆಳೆಗಾರ್ತಿ

ಆ ಗ್ಯಾರಂಟಿ ಎಂಬ ಮಾತು ಕೇಳಿದ ಕೂಡಲೇ ಬರೆಯಬೇಕೆನಿಸಿತು, ಏಕೆಂದರೆ ನಾವು ಅದೇ ಮಾತಿಗೆ ಮೋಸಹೋದವರು.

2022ರ ಸೆಪ್ಟೆಂಬರ್‌ನಲ್ಲಿ ನಾನೂ ನನ್ನ ಯಜಮಾನರೂ ಇನ್ನೊಂದು ದಂಪತಿಯ ಜೊತೆ ಹೋಗಿದ್ದೆವು. ಏಜೆಂಟರು ಕೊಟ್ಟ ಕಾಗದದಲ್ಲಿ ದಿನಾಂಕವಿತ್ತು, ‘ಓಲ್ಡ್ ಕೋರ್ಸ್’ ಎಂಬ ಹೆಸರೂ ಇತ್ತು. ಸಮಯ ಮಾತ್ರ ಆಮೇಲೆ ತಿಳಿಸುತ್ತೇವೆ ಎಂದಿತ್ತು. ಎಡಿನ್‌ಬರೊ ತಲುಪಿದ ಮೇಲೆ ಗೊತ್ತಾಯಿತು, ಅವರು ಮಾಡಿದ್ದು ನಮ್ಮ ನಾಲ್ವರ ಹೆಸರನ್ನು ಒಂದು ದಿನದ ಬ್ಯಾಲಟ್‌ಗೆ ಹಾಕಿದ್ದಷ್ಟೇ. ಯಾರು ಬೇಕಾದರೂ ಬಿಟ್ಟಿಯಾಗಿ ಮಾಡಬಹುದಾದ ಕೆಲಸಕ್ಕೆ ನಾವು ದೊಡ್ಡ ಮೊತ್ತ ತೆತ್ತಿದ್ದೆವು. ಆ ಒಂದು ದಿನ ಚೀಟಿ ಬೀಳಲಿಲ್ಲ, ಮರುದಿನ ನಮ್ಮ ಗಾಡಿ ಇನ್ವರ್ನೆಸ್ ಕಡೆಗೆ ಹೊರಟಿತು. ಹಣ ವಾಪಸು ಕೇಳಿದರೆ, ‘ಪ್ರಯತ್ನ ಮಾಡುತ್ತೇವೆಂದು ಬರೆದಿದೆ’ ಎಂದು ಕಾಗದದ ಕೆಳಗಿನ ಸಣ್ಣ ಅಕ್ಷರ ತೋರಿಸಿದರು.

ಹಾಗೆಂದು ಮುಂಗಡವಾಗಿ ಸಮಯ ಪಡೆಯುವುದೇ ಸುಳ್ಳು ಎನ್ನುತ್ತಿಲ್ಲ. ನಿಜವಾದ ದಾರಿಗಳು ಎರಡಿವೆ. ಒಂದು, ಪ್ರತಿವರ್ಷ ಆಗಸ್ಟ್ ಕೊನೆಯ ಹೊತ್ತಿಗೆ ಲಿಂಕ್ಸ್ ಟ್ರಸ್ಟ್ ಮುಂದಿನ ವರ್ಷದ ಸಮಯಗಳಿಗೆ ಅರ್ಜಿ ಕರೆಯುತ್ತದೆ. ಸಾಮಾನ್ಯವಾಗಿ ಜೊತೆಯಲ್ಲಿ ಅವರದೇ ಇನ್ನೊಂದು ಕೋರ್ಸ್‌ನಲ್ಲೂ ಆಡಲು ಒಪ್ಪಬೇಕಾಗುತ್ತದೆ. ಈ ಸೆಪ್ಟೆಂಬರ್‌ಗೆ ಆ ಅವಕಾಶ ಕಳೆದ ವರ್ಷವೇ ಮುಗಿದುಹೋಗಿದೆ. ಇನ್ನೊಂದು, ಟ್ರಸ್ಟ್‌ನಿಂದಲೇ ಅಧಿಕೃತವಾಗಿ ಸಮಯ ಪಡೆದ ಕೆಲವು ಪ್ರವಾಸ ಸಂಸ್ಥೆಗಳು ಹೋಟೆಲ್, ಊಟ, ಬೇರೆ ಕೋರ್ಸ್‌ಗಳ ಆಟ ಎಲ್ಲ ಸೇರಿಸಿ ಮಾರುತ್ತವೆ. ನಿಮ್ಮ ಏಜೆಂಟರಿಗೆ ಒಂದೇ ಪ್ರಶ್ನೆ ಕೇಳಿ: ಯಾವ ದಿನ, ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ? ಗಂಟೆ ನಿಮಿಷ ಬರೆದುಕೊಟ್ಟರೆ ಆ ಸಂಸ್ಥೆಯ ಹೆಸರು ಟ್ರಸ್ಟ್‌ನ ಅಧಿಕೃತ ಪಟ್ಟಿಯಲ್ಲಿದೆಯೇ ಎಂದು ನೋಡಿ. ಬರೆದುಕೊಡದಿದ್ದರೆ ಒಂದು ಪೈಸೆಯನ್ನೂ ಕೊಡಬೇಡಿ.

2027ಕ್ಕೆ ಮುಂದೂಡುವ ಯೋಚನೆಯೇನಾದರೂ ಬಂದರೆ ನೆನಪಿರಲಿ, ಆ ವರ್ಷ ಜುಲೈನಲ್ಲಿ 155ನೆಯ ಓಪನ್ ಅಲ್ಲಿಯೇ ನಡೆಯಲಿದೆ. ಅಂಥ ವರ್ಷದಲ್ಲಿ ಜನರ ಒತ್ತಡ ಇನ್ನೂ ಹೆಚ್ಚು. ನನ್ನನ್ನು ಕೇಳಿದರೆ, ಹಿರಿಯರು ಗಟ್ಟಿಯಾಗಿ ನಡೆಯುತ್ತಿರುವಾಗ ಈ ವರ್ಷವೇ ಹೋಗಿ.

ಸಮಾಧಾನದ ಮಾತೊಂದಿದೆ. ಓಲ್ಡ್ ಸಿಗದ ಬೇಸರದಲ್ಲಿ ನಾವು ಆಡಿದ್ದು ಪಕ್ಕದ ನ್ಯೂ ಕೋರ್ಸ್. ಹೆಸರು ಹೊಸದು, ಆದರೆ ಅದು ಆ ಕಾಲದ ಹೆಸರಾಂತ ಗಾಲ್ಫ್ ಆಟಗಾರ ಓಲ್ಡ್ ಟಾಮ್ ಮಾರಿಸ್ 1895ರಲ್ಲಿ ರೂಪಿಸಿದ್ದು. ಅದೇ ಗಾಳಿ, ಅದೇ ಮರಳು, ಅದೇ ಮುಳ್ಳುಪೊದೆ; ಮೊದಲೇ ಕಾಯ್ದಿರಿಸಲೂ ಬರುತ್ತದೆ, ಶುಲ್ಕವೂ ಎಷ್ಟೋ ಕಡಿಮೆ. ನನಗಂತೂ ಬಹಳ ಹಿಡಿಸಿತು. ಯಜಮಾನರು ಮಾತ್ರ ಇವತ್ತಿಗೂ ಬೇಲಿಯಾಚೆ ನೋಡಿಕೊಂಡೇ ಆಡಿದೆ ಎನ್ನುತ್ತಾರೆ.

ಉತ್ತರ: ಹಾಸನದ ಇಂಜಿನಿಯರ್

ಬೆಳೆಗಾರ್ತಿಯವರ ಅನುಭವದಲ್ಲಿಯೇ ಉತ್ತರವಿದೆ: ಅವರು ಚೀಟಿಗೆ ಕೊಟ್ಟದ್ದು ಒಂದೇ ದಿನ. ಏಜೆಂಟರಿಗೆ ಕೊಡುವ ಹೆಚ್ಚುವರಿ ಹಣದಲ್ಲಿ ಆ ಊರಿನಲ್ಲೇ ಇನ್ನು ಮೂರು ದಿನ ಉಳಿಯಿರಿ. ಓಲ್ಡ್ ಕೋರ್ಸ್‌ಗೆ ಬೇಕಾಗುವುದು ದಿನಗಳು.

ನಿಮ್ಮ ಪ್ರವಾಸವನ್ನು ತಿರುಗಿಸಿ ಜೋಡಿಸಿ. ಲಂಡನ್ ಕೊನೆಗಿರಲಿ. ಬೆಂಗಳೂರಿನಿಂದ ಹೊರಟು ಬುಧವಾರ ಎಡಿನ್‌ಬರೊ ಸೇರಿ ಎಂದಿಟ್ಟುಕೊಳ್ಳಿ. ಬ್ಯಾಲಟ್‌ಗೆ ಹೆಸರು ಹಾಕಲು ಸೇಂಟ್ ಆಂಡ್ರೂಸ್‌ನಲ್ಲೇ ಇರಬೇಕೆಂಬ ನಿಯಮವಿಲ್ಲ, ಆನ್‌ಲೈನ್‌ನಲ್ಲಿ ಎಲ್ಲಿಂದ ಬೇಕಾದರೂ ಹಾಕಬಹುದು. ಎಡಿನ್‌ಬರೊದಿಂದ ಅಲ್ಲಿಗೆ 80 ಕಿಲೋಮೀಟರಿನಷ್ಟೇ ದೂರ, ರೈಲಿನಲ್ಲಿ ಲೂಕರ್ಸ್ ನಿಲ್ದಾಣದವರೆಗೆ ಹೋಗಿ ಅಲ್ಲಿಂದ ಬಸ್ಸು ಅಥವಾ ಟ್ಯಾಕ್ಸಿ ಹಿಡಿಯಬಹುದು. ಆದ್ದರಿಂದ ಗುರುವಾರ ಮಧ್ಯಾಹ್ನ 2ರೊಳಗೆ ಎಡಿನ್‌ಬರೊದ ಹೋಟೆಲಿನಿಂದಲೇ ಶನಿವಾರದ ಚೀಟಿಗೆ ಹೆಸರು ಹಾಕಿ. ಶುಕ್ರವಾರ ಚೀಟಿ ಎತ್ತುವುದಿಲ್ಲ, ಏಕೆಂದರೆ ಭಾನುವಾರ ಆಟವಿಲ್ಲ. ಶನಿವಾರ ಸೋಮವಾರಕ್ಕೆ, ಭಾನುವಾರ ಮಂಗಳವಾರಕ್ಕೆ, ಸೋಮವಾರ ಬುಧವಾರಕ್ಕೆ ಹೀಗೆ ಹಾಕುತ್ತಾ ಹೋಗಿ. ಭಾನುವಾರ ಸೇಂಟ್ ಆಂಡ್ರೂಸ್‌ಗೆ ಬಂದು ಶುಕ್ರವಾರದವರೆಗೆ ಇದ್ದರೆ ಆ ಶನಿವಾರವೂ ಸೇರಿ ಒಟ್ಟು ಆರು ದಿನಗಳ ಅವಕಾಶ ನಿಮ್ಮದು. ನಿಮ್ಮ ಮೊದಲಿನ ಯೋಜನೆಯಲ್ಲಿ ಇದ್ದದ್ದು ಒಂದು. ಮಂಗಳವಾರವೇ ಸಿಕ್ಕಿಬಿಟ್ಟರೆ ಲಂಡನ್ನಿಗೆ ಬೇಗ ಹೊರಡಿ, ಆದ್ದರಿಂದ ಲಂಡನ್ನಿನ ರೈಲು ಟಿಕೆಟ್ ಬದಲಾಯಿಸಲು ಬರುವಂಥದ್ದಾಗಿರಲಿ. ಬುಧವಾರದ ಹೊತ್ತಿಗೂ ಏನೂ ಸಿಗದಿದ್ದರೆ, ಗುರುವಾರ ಮೂವರೂ ಖುದ್ದಾಗಿ ಹೋಗಿ ಶುಕ್ರವಾರದ ಒಂಟಿ ಆಟಗಾರರ ಚೀಟಿಗೆ ಹೆಸರು ಕೊಡಿ. ಆಗ ತಂದೆಯವರಿಗೆ ಒಬ್ಬರಿಗೇ ಸಿಕ್ಕರೂ ನೀವು ಬೇಸರಪಡುವುದಿಲ್ಲವೆಂದು ನಂಬಿದ್ದೇನೆ.

ಒಂದು ಎಚ್ಚರಿಕೆ. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದ ಆಸುಪಾಸಿನಲ್ಲಿ ಆಲ್‌ಫ್ರೆಡ್ ಡನ್‌ಹಿಲ್ ಲಿಂಕ್ಸ್ ಪಂದ್ಯಾವಳಿ ಬರುತ್ತದೆ. ಅದು ಓಲ್ಡ್ ಕೋರ್ಸ್, ಕಾರ್ನೂಸ್ಟಿ, ಕಿಂಗ್ಸ್‌ಬಾರ್ನ್ಸ್ ಮೂರೂ ಕಡೆ ನಡೆಯುವ ವೃತ್ತಿಪರರ ಪಂದ್ಯಾವಳಿ. ಆ ವಾರ ನಿಮ್ಮಂಥವರಿಗೆ ಜಾಗವಿಲ್ಲ. ಸೆಪ್ಟೆಂಬರ್‌ನಲ್ಲಿಯೇ ರಾಯಲ್ ಅಂಡ್ ಏನ್ಷಿಯಂಟ್ ಕ್ಲಬ್ಬಿನ ಶರತ್ಕಾಲದ ಸಭೆಯೂ ಇರುತ್ತದೆ. ವಿಮಾನದ ಟಿಕೆಟ್ ತೆಗೆಯುವ ಮೊದಲು ಟ್ರಸ್ಟ್‌ನ ಜಾಲತಾಣದಲ್ಲಿ ಮೈದಾನ ಮುಚ್ಚಿರುವ ದಿನಗಳ ಪಟ್ಟಿ ನೋಡಿಕೊಳ್ಳಿ. ಬ್ರಿಟನ್ನಿನ ಸಂದರ್ಶಕ ವೀಸಾಕ್ಕೆ ಪ್ರಯಾಣದ ಮೂರು ತಿಂಗಳೊಳಗೆ ಮಾತ್ರ ಅರ್ಜಿ ಹಾಕಲು ಬರುತ್ತದೆ, ಜೂನ್ ಕೊನೆಯಲ್ಲಿ ಆ ಕೆಲಸ ಹಿಡಿಯಿರಿ.

ನಿಮ್ಮ ತಾಯಿಯವರ ಬಗ್ಗೆ ಯಾರೂ ಬರೆಯಲಿಲ್ಲ. ಹದಿನೆಂಟನೆಯ ಫೇರ್‌ವೇ ಪಕ್ಕದಲ್ಲೇ ಊರಿನ ರಸ್ತೆ ಹೋಗುತ್ತದೆ, ಗ್ರೀನ್ ಹಿಂದೆ ಕಂಬಿಬೇಲಿ ಇದೆ. ಟಿಕೆಟ್ ಇಲ್ಲ, ಕೇಳುವವರಿಲ್ಲ. ದಾರಿಹೋಕರೆಲ್ಲ ಅಲ್ಲಿ ಒರಗಿ ನಿಂತು ಗುರುತು ಪರಿಚಯವಿಲ್ಲದವರ ಪಟ್‌ಗೂ ಚಪ್ಪಾಳೆ ತಟ್ಟುತ್ತಾರೆ. ನೀವು ಸೇತುವೆ ದಾಟುವ ಹೊತ್ತಿಗೆ ಅವರು ಅಲ್ಲಿಗೆ ಬಂದರೆ ಸಾಕು.

ಪ್ರಶ್ನೆ ಕೇಳಿದವರು: ಆಲ್ದೂರಿನ ಬೆಳೆಗಾರ

ಹಾಸನದವರ ಲೆಕ್ಕದ ಪ್ರಕಾರವೇ ಹೊರಡುವುದೆಂದು ಮನೆಯಲ್ಲಿ ನಿರ್ಧಾರವಾಯಿತು. ಏಜೆಂಟರಿಗೆ ಫೋನ್ ಮಾಡಿ ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಎಂದು ಭಾವನೇ ಕೇಳಿದರು; ಆಮೇಲೆ ತಿಳಿಸುತ್ತೇವೆ ಎಂದವರು ವಾರವಾದರೂ ಫೋನ್ ಮಾಡಿಲ್ಲ. ಲಂಡನ್ ಎರಡು ದಿನಕ್ಕೆ ಇಳಿದಿದೆ. ಇದಕ್ಕೆ ಆಕ್ಷೇಪಿಸಬಹುದಾಗಿದ್ದವರು ಅಮ್ಮ ಒಬ್ಬರೇ. ಅವರು ಭಾನುವಾರ ಆ ಸೇತುವೆಯ ಮೇಲೆ ತಾವೇ ಮೊದಲು ನಿಲ್ಲುವುದೆಂದು ಹೇಳಿ ಒಪ್ಪಿದ್ದಾರೆ. ಸೋಮವಾರದ ಆಟಕ್ಕಾಗಿ ಪಕ್ಕದ ನ್ಯೂ ಕೋರ್ಸ್‌ನಲ್ಲಿ ಒಂದು ಸಮಯ ಕಾಯ್ದಿರಿಸೋಣ ಎಂದಿದ್ದೆ. ಸೋಮವಾರವೇ ಓಲ್ಡ್ ಕೋರ್ಸ್‌ನ ಚೀಟಿ ಬಿದ್ದರೆ ಏನು ಮಾಡುತ್ತೀಯ ಎಂದು ಅಪ್ಪ ಗದರಿದ್ದರಿಂದ, ಅದನ್ನು ಓಲ್ಡ್‌ನ ಫಲಿತಾಂಶ ನೋಡಿಕೊಂಡೇ ಮಾಡುತ್ತೇವೆ.

ಹ್ಯಾಂಡಿಕ್ಯಾಪ್‌ಗೆ ಅಪ್ಪನ ಮೊದಲ ಸುತ್ತು ನಿನ್ನೆ ಮುಗಿಯಿತು: 103. ಕಾರ್ಡಿಗೆ ಸಹಿ ಹಾಕುವಾಗ ಹದಿಮೂರನೆಯ ಹೋಲ್‌ನಲ್ಲಿ ನಾನು ಒಂದು ಹೊಡೆತ ಕಡಿಮೆ ಬರೆದಿದ್ದೇನೆಂದು ಅವರೇ ತಿದ್ದಿಸಿದ್ದರಿಂದ 102 ಇದ್ದದ್ದು 103 ಆಯಿತು. ಉಳಿದ ಎರಡು ಸುತ್ತುಗಳನ್ನು ಹೂಮಳೆ ಬಿಡುವು ಕೊಟ್ಟ ದಿನ ನೋಡಿಕೊಂಡು ಆಡುತ್ತೇವೆ.